ಅಪ್‌ಡೇಟ್: ತರಿತರಿ ಗೋಡೆಗೆ ಲೋಗೋ ಸ್ಟಿಕರ್, ಕೊನೆಗೆ ಕಾಸ್ಟ್ ವಿನೈಲ್

ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಆಫೀಸಿನಲ್ಲಿ ಟೆಕ್ಸ್ಚರ್ ಪೇಂಟ್ ಗೋಡೆ ಇದೆ, ಲೋಗೋಗೆ ಯಾವ ವಿನೈಲ್ (ಹಿಂದೆ ಅಂಟು ಇರುವ ತೆಳು ಪ್ಲಾಸ್ಟಿಕ್ ಹಾಳೆ) ಹಾಕಿಸೋಣ ಅಂತ ಇಲ್ಲಿ ಕೇಳಿದ್ದೆ. ಕೆಲಸ ಮುಗಿಯಿತು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದಂತೆ ಮೊದಲು ಕ್ಯಾಲೆಂಡರ್ಡ್, ಕಾಸ್ಟ್ ಎರಡೂ ಬಗೆಯ ವಿನೈಲಿನ ಒಂದೊಂದು ತುಂಡು ಅಕ್ಕಪಕ್ಕ ಅಂಟಿಸಿ ನೋಡಿದೆವು. ರೇಡಿಯಂ ಕಟಿಂಗ್ ಅಂಗಡಿಗಳಲ್ಲಿ ಸಿಗುವ ಮಾಮೂಲಿ ಕ್ಯಾಲೆಂಡರ್ಡ್ ವಿನೈಲ್ ಬಿಸಿ ಮಾಡಿ ಒತ್ತಿದಾಗ ತಗ್ಗಿಗೆ ಇಳಿಯಿತು. ಬೆಳಿಗ್ಗೆ ನೋಡಿದರೆ ಬಿಗಿದುಕೊಂಡು ಮೇಲೆದ್ದಿತ್ತು, ಅಂಚು ಉಗುರಿಗೆ ಸಿಗುತ್ತಿತ್ತು. ಅದನ್ನು ರೋಲರ್ ನಡುವೆ ಎಳೆದು ಮಾಡಿರುತ್ತಾರೆ, ಹಾಗಾಗಿ ಹಳೆಯ ಅಳತೆಗೆ ವಾಪಸ್ ಹೋಗಲು ನೋಡುತ್ತದೆ. ಕಾಸ್ಟ್ ವಿನೈಲನ್ನು ದ್ರವವಾಗಿ ಹರಡಿ ಒಣಗಿಸುತ್ತಾರೆ. ದಪ್ಪ ಸುಮಾರು 50 ಮೈಕ್ರಾನ್ ಅಷ್ಟೇ. ಅದು ಒಂದೊಂದು ತರಿಯನ್ನೂ ಸುತ್ತಿಕೊಂಡು ಬಣ್ಣ ಬಳಿದ ಹಾಗೆ ಕೂತಿತು. ರೇಟು ಜಾಸ್ತಿ, ಆದರೆ ಇಂಥ ಗೋಡೆಗೆ ಸುಮ್ನೆ ಅಗ್ಗದ್ದು ಹಾಕಿಸಬೇಡಿ.

ಅಂಟಿಸುವಾಗ ಒತ್ತಲು ಬರೀ ಪ್ಲಾಸ್ಟಿಕ್ ಪಟ್ಟಿ ಸಾಲದು. ಒಂದು ಕೈಯಲ್ಲಿ ಬಿಸಿ ಗಾಳಿ ಊದುವ ಹೀಟ್ ಗನ್, ಹಿಂದೆಯೇ ಫೋಮ್ ರೋಲರ್. ಹಾಳೆ ಮೆತ್ತಗಾಗಿ ಹೊಳಪು ಬದಲಾದ ಕೂಡಲೇ ಒತ್ತಬೇಕು. ಅಂಚುಗಳಿಗೆ ಇನ್ನೊಮ್ಮೆ ಬಿಸಿ ಕೊಡಿಸಿದೆ.

ಇಟ್ಟಿಗೆ, ಗಾರೆ ಗೋಡೆ ಇರುವವರಿಗೆ 3ಎಂ ಕಂಪನಿಯ 8624 ಅಂತ ಬೇರೆ ಫಿಲ್ಮೇ ಇದೆ. ನಮಗೆ ಅಷ್ಟು ಬೇಕಾಗಲಿಲ್ಲ.

ಹೊಸ ಪೇಂಟ್ ಆಗಿದ್ದರೆ 3-4 ವಾರ ಬಿಡಿ. ಕಲೆ ಹಿಡಿಯದ ವಾಶಬಲ್ ಪೇಂಟ್ ಮೇಲೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಅಲ್ವಾ? ಅಲ್ಲಂತೂ ಮೊದಲು ಸಣ್ಣ ತುಂಡು ಹಚ್ಚಿ ನೋಡಿಯೇ ಆರ್ಡರ್ ಕೊಡಿ.