ಅಪ್‌ಡೇಟ್: ವೆಲ್‌ಫೈರ್ ಹೈಬ್ರಿಡ್‌ನಲ್ಲಿ ಕಾಸರಗೋಡಿನಿಂದ ಮಡಿಕೇರಿಗೆ

ಕೇಳಿದ್ದಿಷ್ಟು: ಹತ್ತಿರಹತ್ತಿರ 5 ಮೀಟರ್ ಉದ್ದ, 1.85 ಮೀಟರ್ ಅಗಲದ ಟೊಯೋಟಾ ವೆಲ್‌ಫೈರ್ ಗಾಡಿಗೆ ಜಾಲ್ಸೂರು ದಾರಿಯೋ, ಪಾಣತ್ತೂರು ದಾರಿಯೋ? ಘಾಟಿಯಲ್ಲಿ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಗಾಡಿ) ಹೇಗೆ?

ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ ದಾರಿಯೇ ಸರಿ. ಪಾಣತ್ತೂರು–ಕರಿಕೆ–ಭಾಗಮಂಡಲ ಚೆಂದವೇನೋ ಹೌದು, ಆದರೆ ಕಿರಿದು. ಎದುರಿಗೆ ಬಸ್ಸು ಬಂದರೆ ಇಷ್ಟು ದೊಡ್ಡ ಗಾಡಿ ಹಿಂದೆ ತೆಗೆಯುವುದು ರಗಳೆ. ಪೆಟ್ರೋಲ್ ಕರ್ನಾಟಕದ ಜಾಲ್ಸೂರು ದಾಟಿದ ಮೇಲೆ ಹಾಕಿಸಿ, ಕೇರಳಕ್ಕಿಂತ ಅಗ್ಗ.

ಏರಿನಲ್ಲಿ ಇಂಜಿನ್ ಒಂದೇ ಸಮ ಕೂಗುತ್ತದೆ. ಅದು ಇ-ಸಿವಿಟಿಯ (ನಿಗದಿತ ಗೇರುಗಳಿಲ್ಲದ ಆಟೋಮ್ಯಾಟಿಕ್ ವ್ಯವಸ್ಥೆಯ) ಸ್ವಭಾವ, ಕ್ಲಚ್ ಜಾರಿದ್ದಲ್ಲ. ಕಂಪೆನಿ ಹೇಳುವ ಲೀಟರಿಗೆ 19.28 ಕಿ.ಮೀ. ಮೈಲೇಜ್ ಘಟ್ಟದಲ್ಲಿ ಮರೆತುಬಿಡಿ.

ಮುಖ್ಯ ವಿಷಯ ಇಳಿಜಾರು. ಮಡಿಕೇರಿಯಿಂದ ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತದೆ, ಗಾಡಿಯೂ ನಿಧಾನವಾಗುತ್ತದೆ. ಆದರೆ ಘಟ್ಟದ ಬುಡದ ಸಂಪಾಜೆ ತಲುಪುವ ಮೊದಲೇ ಬ್ಯಾಟರಿ ಭರ್ತಿ! ಆಮೇಲೆ ಆ ಹಿಡಿತ ಕಡಿಮೆಯಾಗಿ ಭಾರವೆಲ್ಲ ಬ್ರೇಕ್ ಪ್ಯಾಡ್ ಮೇಲೆ. ಆದ್ದರಿಂದ ಇಳಿಜಾರು ಶುರುವಾಗುವಾಗಲೇ ಗೇರ್ ಲಿವರನ್ನು ಎಸ್‌ಗೆ (ಗೇರಿನಂತೆ ಹಂತ ಆರಿಸಬಹುದಾದ ಸ್ಥಾನ) ಹಾಕಿ ಕೆಳಗಿನ ಹಂತ ಆರಿಸಿ. ಆಗ ಇಂಜಿನ್ ಜೋರಾಗಿ ತಿರುಗುತ್ತದೆ, ಅದೇ ಬೇಕಾದ್ದು. ನ್ಯೂಟ್ರಲ್ ಮಾತ್ರ ಬೇಡವೇ ಬೇಡ: ಬ್ಯಾಟರಿ ಚಾರ್ಜ್ ಆಗದು, ಹಿಡಿತವೂ ಇರದು.

ತಂಗುವಲ್ಲಿ ಸ್ಲೈಡಿಂಗ್ ಬಾಗಿಲು ತೆರೆದಿಟ್ಟು, ಒಳಗಿನ ದೀಪ ಉರಿಸಿಕೊಂಡು ಹರಟೆ ಹೊಡೆಯುವವರಿಗೆ ಒಂದು ಮಾತು. ಮೋಟಾರಿನ ದೊಡ್ಡ ಬ್ಯಾಟರಿ ತುಂಬಿದ್ದರೂ, ಒಳಗಿನ ದೀಪ ಉರಿಸುವ 12 ವೋಲ್ಟಿನ ಚಿಕ್ಕ ಬ್ಯಾಟರಿ ಖಾಲಿಯಾದರೆ ‘ರೆಡಿ’ ದೀಪ ಬರುವುದಿಲ್ಲ, ಅಂದರೆ ಗಾಡಿ ಹೊರಡುವುದಿಲ್ಲ. ಎಸಿ ಬೇಕಿದ್ದರೆ ‘ರೆಡಿ’ಯಲ್ಲೇ, ಪಿ (ಪಾರ್ಕ್) ಹಾಕಿ ಕೂರಿ, ಇಂಜಿನ್ ತಾನಾಗಿ ಶುರುವಾಗುತ್ತದಾದ್ದರಿಂದ ಮುಚ್ಚಿದ ಶೆಡ್ಡಿನಲ್ಲಿ ಬೇಡ. ಜಂಪ್ ಟರ್ಮಿನಲ್ (ಚಿಕ್ಕ ಬ್ಯಾಟರಿ ಖಾಲಿಯಾದಾಗ ಬೇರೆ ಬ್ಯಾಟರಿಯ ಕೇಬಲ್ ಜೋಡಿಸುವ ಜಾಗ) ಎಲ್ಲಿದೆಯೆಂದು ಹೊರಡುವ ಮೊದಲೇ ಮ್ಯಾನುವಲ್‌ನಲ್ಲಿ ನೋಡಿಟ್ಟುಕೊಳ್ಳಿ.