ಅಪ್‌ಡೇಟ್: ಆಲೂಗಡ್ಡೆ ಕೊಳೆಯುವುದು ನಿಂತಿದೆ

ಹಾಸನದಲ್ಲಿ ಹೊಸ ಬೆಳೆ ಬಂದಾಗ ಅಗ್ಗಕ್ಕೆ ಸಿಕ್ಕಿದ 20 ಕೆಜಿ ಆಲೂಗಡ್ಡೆ ಮೂರೇ ವಾರಕ್ಕೆ ಕೊಳೆತು ಮೊಳೆಯುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ನೀವು ಹೇಳಿದಂತೆ ಮಾಡಿ ಆರು ವಾರ ಆಯ್ತು. ಎಸೆದದ್ದು ಒಂದು ಕೆಜಿಯೂ ಇಲ್ಲ.

ಮುಖ್ಯ ತಪ್ಪು ಪ್ಲಾಸ್ಟಿಕ್ ಚೀಲ. ಗಡ್ಡೆ ಉಸಿರಾಡುತ್ತೆ, ಒಳಗೆ ಬೆವರುತ್ತೆ, ಮಳೆಗಾಲದಲ್ಲಿ ಅಷ್ಟು ಸಾಕು. ಈಗ ತೊಳೆಯದೆ, ಮಣ್ಣು ಒಣಗುವವರೆಗೆ ನೆರಳಲ್ಲಿ ಹರವಿ, ಗುದ್ದಲಿ ಏಟು ಬಿದ್ದವನ್ನು ಬೇರೆ ಮಾಡುವುದು (ಅವು ಮೊದಲ ವಾರದ ಪಲ್ಯ, ಹುಳಿಗೆ). ಉಳಿದದ್ದು ಬಿದಿರು ಬುಟ್ಟಿಯಲ್ಲಿ, ಎರಡು ಮೂರು ಪದರ ಮಾತ್ರ, ಮೇಲೆ ಗೋಣಿಚೀಲ. ಬೆಳಕು ಬಿದ್ದರೆ ಹಸಿರಾಗಿ ಕಹಿಯಾಗುತ್ತೆ, ವಿಷವೂ ಸೇರುತ್ತೆ. ಆ ವಿಷ ಬೇಯಿಸಿದರೂ ಹೋಗಲ್ಲ, ಪೂರ್ತಿ ಹಸಿರಾದದ್ದನ್ನು ಎಸೆಯಲೇಬೇಕು. ಈರುಳ್ಳಿ ಬುಟ್ಟಿ ಬೇರೆ ಮೂಲೆಗೆ ಹೋಯ್ತು.

ಫ್ರಿಜ್ಜಿನಲ್ಲಿಡಿ ಅಂದವರಿಗೆ: ಚಳಿಗೆ ಪಿಷ್ಟ ಸಕ್ಕರೆಯಾಗುತ್ತೆ, ಹುರಿದರೆ ಬೇಗ ಕಪ್ಪಾಗುತ್ತೆ, ಪಲ್ಯವೂ ಸಿಹಿ.

ವಾರಕ್ಕೊಮ್ಮೆ ಬುಟ್ಟಿ ಮಗುಚಿ ನೋಡಬೇಕು. ಒಂದು ಕೊಳೆತರೆ ರಸ ತಾಗಿದ್ದೆಲ್ಲ ಹೋಗುತ್ತೆ. ಗಟ್ಟಿಯಿದ್ದು ಚಿಕ್ಕ ಮೊಳಕೆ ಬಂದಿದ್ದರೆ ಕಣ್ಣು ಆಳವಾಗಿ ಕೆತ್ತಿ ಬಳಸಬಹುದು. ಸುಕ್ಕಾಗಿ ಮೆತ್ತಗಾದದ್ದು ಗೊಬ್ಬರದ ಗುಂಡಿಗೆ.