ಗೊಂಗ್ಮಿನ್ ರಾಜ ಕೆಟ್ಟಿದ್ದು ಹೆಂಡ್ತಿ ಸತ್ತ ದುಃಖಕ್ಕೇನಾ?

ಚರಿತ್ರೆಪ್ರಿಯ:
ಎಲ್ರಿಗೂ ನಮಸ್ಕಾರ. ಕೊರಿಯಾದ ಗೋರ್ಯೋ ದೊರೆ ಗೊಂಗ್ಮಿನ್ (ಆಳಿದ್ದು 1351ರಿಂದ 1374) ಬಗ್ಗೆ ಓದ್ತಿದ್ದೆ. ಚಿಕ್ಕ ಹುಡುಗ ಇದ್ದಾಗ್ಲೇ ಮಂಗೋಲರ ಹತ್ರ ಒತ್ತೆಯಾಳಾಗಿ ಹೋಗಿ, ಅಲ್ಲೇ ಅವರ ರಾಜಕುಮಾರಿ ನೋಗುಕ್‌ನ ಮದ್ವೆ ಆಗಿ, ವಾಪಸ್ ಬಂದು ಪಟ್ಟಕ್ಕೆ ಕೂತ ಮೇಲೆ ಅದೇ ಮಂಗೋಲರಿಗೆ ತಿರುಗಿಬಿದ್ದೋನು. 1365ರಲ್ಲಿ ರಾಣಿ ಹೆರಿಗೇಲಿ ತೀರ್ಕೊಂಡ್ಲು, ಅಲ್ಲಿಂದ ರಾಜ ರಾಜ್ಯಾನೇ ಮರೆತ ಅಂತಾರೆ. ನಂಗ್ಯಾಕೋ ಒಪ್ಪೋಕಾಗ್ತಿಲ್ಲ, ಗೊತ್ತಿರೋರು ಹೇಳಿ.

ಹಳೇನಾಣ್ಯ:
ಮೊದ್ಲು ಅವನ ಧೈರ್ಯ ನೋಡಿ ಸರ್. ಗಿ ಚೋಲ್ ಅಂತ ಒಬ್ಬ ಇದ್ದ, ತಂಗಿ ಮಂಗೋಲ್ ಚಕ್ರವರ್ತಿ ಹೆಂಡ್ತಿ ಅಂದ್ಮೇಲೆ ಕೇಳ್ಬೇಕಾ, ರಾಜನ್ನೂ ಲೆಕ್ಕಕ್ಕಿಡ್ತಿರ್ಲಿಲ್ಲ. 1356ರಲ್ಲಿ ಅವನನ್ನ ಮುಗಿಸಿ, ಅದೇ ವರ್ಷ ಹತ್ರತ್ರ ನೂರು ವರ್ಷ ಮಂಗೋಲರ ಕೈಲಿದ್ದ ಈಶಾನ್ಯದ ಸೀಮೆ ವಾಪಸ್ ಗೆದ್ಕೊಂಡ. ಅಷ್ಟರಲ್ಲಿ ಚೀನಾ ಕಡೆಯಿಂದ ಕೆಂಪು ಪೇಟದ ದಂಗೆಕೋರರು ನುಗ್ಗಿ 1361ರಲ್ಲಿ ರಾಜಧಾನೀನೇ ಹಿಡಿದ್ರು, ರಾಜ ರಾಣಿ ಇಬ್ರೂ ಆಂದೊಂಗ್‌ಗೆ ಓಡ್ಬೇಕಾಯ್ತು. ಅಲ್ಲಿ ಹೆಂಗಸ್ರು ಸಾಲಾಗಿ ಬಗ್ಗಿ ನಿಂತು ತಮ್ಮ ಬೆನ್ನ ಮೇಲೇ ರಾಣೀನ ಹೊಳೆ ದಾಟಿಸಿದ್ರಂತೆ, ಅದನ್ನೇ ಒಂದು ಆಟವಾಗಿ ಆಂದೊಂಗ್‌ನಲ್ಲಿ ಇವತ್ತಿಗೂ ಆಡ್ತಾರೆ.

ಮಲ್ನಾಡ್_ಹುಡ್ಗಿ:
ರಾಣಿ ಬಗ್ಗೆ ನಾನು ಹೇಳ್ಲೇಬೇಕು. 1363ರಲ್ಲಿ ರಾಜ ತಂಗಿದ್ದ ದೇವಸ್ಥಾನಕ್ಕೇ ಕೊಲೆಗಡುಕರು ನುಗ್ಗಿದ್ರು. ರಾಜನ ತರಾನೇ ಕಾಣ್ತಿದ್ದ ಸೇವಕ ಒಬ್ಬ ಅವನ ಜಾಗದಲ್ಲಿ ಮಲಗಿ ಪ್ರಾಣ ಕೊಟ್ಟ, ರಾಜ ಒಳಗಿನ ಕೋಣೇಲಿ ಅಡಗಿದ್ದ, ಬಾಗ್ಲಿಗೆ ಅಡ್ಡ ಕೂತೋಳು ನೋಗುಕ್. ಅಂಥೋಳು ಹೋದ್ಮೇಲೆ ಅವಳ ಚಿತ್ರ ತಾನೇ ಬರ್ದು, ಅದರ ಎದುರಿಗೇ ಊಟಕ್ಕೆ ಕೂತು ಅಳ್ತಿದ್ನಂತೆ. ಓದಿದಾಗ ನಂಗೂ ಕಣ್ಣು ತುಂಬಿ ಬಂತು.

ಹಳೇನಾಣ್ಯ:
ಹೌದು ಮೇಡಂ, ದುಃಖ ಸುಳ್ಳಲ್ಲ. ಆದ್ರೆ ಅವಳು ಹೋದ ಮರುವರ್ಷಾನೇ, 1366ರಲ್ಲಿ, ಶಿನ್ ದೋನ್ ಅನ್ನೋ ಭಿಕ್ಷು ಕೈಗೆ ಅಧಿಕಾರ ಕೊಟ್ಟು ದೊಡ್ಡ ಮನೆತನದೋರು ಕಿತ್ಕೊಂಡಿದ್ದ ಜಮೀನು ವಾಪಸ್ ಮಾಡಿ, ಜೀತಕ್ಕೆ ಹಾಕಿದ್ದ ಜನಾನ ಬಿಡಿ ಅಂತ ಆಜ್ಞೆ ಮಾಡ್ಸಿದ. ರಾಜಧಾನಿಯೋರಿಗೆ 15 ದಿನ, ಹೊರಗಿನ ಸೀಮೆಯೋರಿಗೆ 40 ದಿನ ಗಡುವು. ರಾಜ್ಯ ಮರೆತೋನು ಇಂಥ ಕೆಲ್ಸಕ್ಕೆ ಕೈ ಹಾಕ್ತಾನಾ? ಆ ಮನೆತನಗಳು ಸುಮ್ನಿರ್ಲಿಲ್ಲ, 1371ರಲ್ಲಿ ಶಿನ್ ದೋನ್ ತಲೆ ಹೋಯ್ತು, 1374ರಲ್ಲಿ ರಾಜನ್ನ ಹತ್ರದ ಪರಿಚಾರಕರೇ ಕೊಂದ್ರು.

ಚರಿತ್ರೆಪ್ರಿಯ:
ತುಂಬಾ ಥ್ಯಾಂಕ್ಸ್. ಈ 15 ದಿನದ ಗಡುವು ನಂಗೆ ಗೊತ್ತೇ ಇರ್ಲಿಲ್ಲ, ಅದನ್ನೇ ಇನ್ನೂ ಓದ್ತೀನಿ.

ಮಲ್ನಾಡ್_ಹುಡ್ಗಿ:
ಆಗಿನ ರಾಜಧಾನಿ ಕೇಸೊಂಗ್ ಹತ್ರ ರಾಜ ರಾಣಿ ಇಬ್ಬರ ಸಮಾಧೀನೂ ಇದೆ, ಫೋಟೋ ಹುಡುಕಿ ನೋಡಿ. ಪಕ್ಕಪಕ್ಕ ಎರಡು ದಿಬ್ಬ, ಸುತ್ತ ಕಲ್ಲಿನ ಕುರಿ, ಕಲ್ಲಿನ ಹುಲಿ ಕಾಯ್ಕೊಂಡು ನಿಂತಿವೆ.